ಪಿಡಿಎಫ್ ಕೈಗೆ ಬಂದರೆ ಸರಕು ಕೈಗೆ ಬಂತೇ?

ನವ ಮಂಗಳೂರು ಬಂದರಿನಿಂದ ಕಾಫಿ ಹಡಗು ಹತ್ತಿತು ಅಂದುಕೊಳ್ಳಿ. ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಸುಮ್ನೆ ರಸೀದಿಯಲ್ಲ, ಸರಕಿನ ಹಕ್ಕುಪತ್ರ. ಬೆನ್ನಿಗೆ ಸಹಿ ಹಾಕಿ ಕೊಟ್ಟರೆ, ಕಾಫಿ ಕಡಲ ಮೇಲಿರುವಾಗಲೇ ಮಾರಾಟವಾಗುತ್ತದೆ. ಇಂಗ್ಲೆಂಡಿನ ನ್ಯಾಯಾಧೀಶ ಬೋವೆನ್ 1883ರಲ್ಲಿ ಇದನ್ನು ಗೋದಾಮಿನ ಬೀಗದ ಕೈ ಎಂದಿದ್ದರು.

ಅದನ್ನೇ ಸ್ಕ್ಯಾನ್ ಮಾಡಿ ಮೇಲ್ ಕಳಿಸಿದರೆ ಆಯ್ತಲ್ವಾ? ಇಲ್ಲ! ಕಳಿಸಿದ ಮೇಲೂ ಫೈಲು ನಿಮ್ಮಲ್ಲೇ ಇರುತ್ತದೆ. ಹತ್ತು ಜನಕ್ಕೆ ಕಳಿಸಿದರೆ ಹತ್ತು ಬೀಗದ ಕೈ.

ಈ ಕಾಟ ಕಾಗದಕ್ಕೂ ಇತ್ತು. ದಾರಿಯಲ್ಲಿ ಕಳೆದೀತೆಂದು ಮೂರು ಒರಿಜಿನಲ್ ಬರೆಯುವುದು ಹಳೇ ರೂಢಿ. 1882ರಲ್ಲಿ ಇಂಗ್ಲೆಂಡಿನ ಗ್ಲಿನ್ ಮಿಲ್ಸ್ ಬ್ಯಾಂಕಿನ ಮೊಕದ್ದಮೆ ನೋಡಿ. ಜಮೈಕಾದಿಂದ ಲಂಡನ್ನಿಗೆ ಸಕ್ಕರೆ ಬಂತು. ತರಿಸಿಕೊಂಡವರು ಮೊದಲ ಪ್ರತಿಯನ್ನು ಆ ಬ್ಯಾಂಕಿಗೆ ಅಡವಿಟ್ಟು ಸಾಲ ಪಡೆದರು. ಎರಡನೆಯದನ್ನು, ಸರಕು ಇಳಿಸಿಟ್ಟಿದ್ದ ಬಂದರಿನ ಡಾಕ್‌ನಲ್ಲಿ ತೋರಿಸಿ ಸಕ್ಕರೆ ಬಿಡಿಸಿಕೊಂಡರು. ಡಾಕ್‌ನವರದು ತಪ್ಪಿಲ್ಲ ಎಂದಿತು ಕೋರ್ಟು. ಬ್ಯಾಂಕಿಗೆ ಉಳಿದದ್ದು ಕಾಗದ.

ಇಂಗ್ಲಿಷ್ ಕಾನೂನಿನಲ್ಲಿ, ಮುಟ್ಟಲಾಗದ್ದನ್ನು ಸ್ವಾಧೀನದಲ್ಲಿ ಇಟ್ಟುಕೊಳ್ಳಲಾಗದು ಎಂಬ ಮಾತು ಗಟ್ಟಿಯಾಗಿತ್ತು. ಫೈಲನ್ನು ಮುಟ್ಟುವುದು ಹೇಗೆ? 2023ರ ಸೆಪ್ಟೆಂಬರ್ 20ರಂದು ಜಾರಿಗೆ ಬಂದ ಬ್ರಿಟನ್ನಿನ ಎಲೆಕ್ಟ್ರಾನಿಕ್ ವ್ಯಾಪಾರ ದಾಖಲೆಗಳ ಕಾಯ್ದೆ ಈ ಗಂಟು ಬಿಡಿಸಿದ್ದು ಒಂದೇ ಪದದಿಂದ: ಹತೋಟಿ. ನನಗೆ ಇದು ಖೋ-ಖೋ ಆಟದ ಹಾಗೆ ಕಾಣುತ್ತದೆ. ಒಮ್ಮೆಗೆ ಒಬ್ಬರೇ ಅಟ್ಟಿಸಬೇಕು. ಖೋ ಕೊಟ್ಟವರು ಕೂರಲೇಬೇಕು. ಸುತ್ತ ನಿಂತು ನೋಡುವವರು ಎಷ್ಟು ಜನವಾದರೂ ಇರಲಿ, ನೋಡಿದ ಮಾತ್ರಕ್ಕೆ ಆಟಗಾರರಾಗುವುದಿಲ್ಲ. ಖಾತೆಯ ದುಡ್ಡೂ ಹಾಗೇ ಅಲ್ವಾ? ನಾನು ನಿಮಗೆ ನೂರು ರೂಪಾಯಿ ಕಳಿಸಿದರೆ ನನ್ನಲ್ಲಿ ನೂರು ಕಡಿಮೆಯಾಗಲೇಬೇಕು. ದಾಖಲೆ ಇರುವ ವ್ಯವಸ್ಥೆ ಹೀಗೆ ನಡೆಯಬೇಕು: ಅಸಲನ್ನು ನಕಲಿನಿಂದ ಬೇರೆ ಮಾಡಬೇಕು, ಯಾರೋ ತಿದ್ದದಂತೆ ಕಾಯಬೇಕು, ಕೊಟ್ಟವರ ಹತೋಟಿ ಆ ಕ್ಷಣವೇ ತಪ್ಪಬೇಕು. ಅದಕ್ಕೆ ಬ್ಲಾಕ್‌ಚೈನೇ (ಹಲವು ಕಂಪ್ಯೂಟರುಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕ) ಬೇಕು ಅನ್ನುವವರು ಜಾಸ್ತಿ. ಕಾಯ್ದೆ ಹಾಗೆ ಎಲ್ಲೂ ಹೇಳಿಲ್ಲ. ವ್ಯವಸ್ಥೆ ನಂಬಿಕೆಗೆ ಅರ್ಹವಾಗಿದ್ದರೆ ಸಾಕು.

ಇನ್ನೊಂದು ಮಾತು. ಹತೋಟಿ ಇದ್ದವರೆಲ್ಲ ಹಕ್ಕುದಾರರಲ್ಲ. ಪಾಸ್‌ವರ್ಡ್ ಕದ್ದವನಿಗೂ ಹತೋಟಿ ಸಿಕ್ಕೀತು, ಜೇಬಿನಿಂದ ಕಾಗದ ಎಗರಿಸಿದವನಿಗೆ ಸಿಕ್ಕ ಹಾಗೆ. ಹಕ್ಕು ಯಾರದು ಎಂಬುದನ್ನು ಕೋರ್ಟು ಬೇರೆಯಾಗಿಯೇ ನೋಡುತ್ತದೆ.

ನಮ್ಮಲ್ಲಿ 1856ರ ಕಾಯ್ದೆ ಹೋಗಿ 2025ರಲ್ಲಿ ಹೊಸ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ ಬಂತು. ಎಲೆಕ್ಟ್ರಾನಿಕ್ ಹತೋಟಿ ಎಂದರೇನು ಎಂಬುದನ್ನು ಅದು ಬಿಡಿಸಿ ಹೇಳಿಲ್ಲ. ಹೇಳಬೇಕಿತ್ತು.