ಹೂವಿನ ಮುಖ ನೋಡಿ ನಂಟು ಹೇಳಲಾಗದು

ಅಮೆರಿಕದ ಉಷ್ಣವಲಯದ ಒನ್ಸಿಡಿಯಮ್ ಗುಂಪಿನ ಆರ್ಕಿಡ್‌ಗಳಲ್ಲಿ ಹಲವಕ್ಕೆ ಒಂದೇ ವೇಷ: ಹಳದಿ ಹೂವು, ತುಟಿಯಂಥ ದಳದ ಬುಡದಲ್ಲೊಂದು ಗಂಟು. ಅದು ನಕಲು ವೇಷ. ಅದೇ ಕಾಡುಗಳಲ್ಲಿರುವ ಮಾಲ್ಪಿಗಿಯೇಸಿ ಕುಟುಂಬದ ಗಿಡಗಳು ಜೇನ್ನೊಣಗಳಿಗೆ ಮಕರಂದದ ಬದಲು ಎಣ್ಣೆ ಕೊಡುತ್ತವೆ. ಎಣ್ಣೆ ಹುಡುಕಿ ಬಂದ ನೊಣವನ್ನು ಆರ್ಕಿಡ್ ತನ್ನತ್ತ ಸೆಳೆದು, ಎಷ್ಟೋ ಸಲ ಬರಿಗೈಲಿ ಕಳಿಸುತ್ತದೆ. ಸಸ್ಯವಿಜ್ಞಾನಿಗಳೂ ನೊಣದಂತೆಯೇ ಬೇಸ್ತುಬಿದ್ದರು. ಹೂಗಳು ಒಂದೇ ಥರ ಇವೆಯೆಂದು ಎಲ್ಲವನ್ನೂ ಒಂದೇ ಕುಲಕ್ಕೆ ತುಂಬಿದರು. ಡಿಎನ್ಎ ಓದಿದ ಮೇಲೆ ತಿಳಿಯಿತು: ದೂರದೂರದ ಕವಲುಗಳು ಅದೇ ವೇಷವನ್ನು ಬೇರೆಬೇರೆಯಾಗಿ, ಹಲವು ಸಲ ತೊಟ್ಟಿವೆ.

ಆರ್ಕಿಡ್‌ಗಳಲ್ಲಿ ಸುಮಾರು 28,000 ಪ್ರಭೇದಗಳಿವೆ. ಹೂವಿನ ಆಕಾರವನ್ನು ತಿದ್ದುವುದು ಅದನ್ನು ಹುಡುಕಿ ಬರುವ ಕೀಟ. ಹಾಗಾಗಿ ಹೂವನ್ನಷ್ಟೇ ನಂಬಿದರೆ ಕೀಟದ ರುಚಿ ತಿಳಿದೀತು, ಗಿಡದ ವಂಶವಲ್ಲ.

ಡಿಎನ್ಎಗೆ ಹೂವೇ ಬೇಡ. ಎಲೆಯ ಚೂರೊಂದನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಅರೆದು, ಡಿಎನ್ಎ ಬಿಡಿಸಿಕೊಳ್ಳುತ್ತಾರೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಕಣದ ಮ್ಯಾಟ್‌ಕೆ, ಆರ್‌ಬಿಸಿಎಲ್‌ನಂಥ ಜೀನುಗಳ ಅಕ್ಷರಗಳನ್ನು ಸಾಲಾಗಿ ಜೋಡಿಸಿ, ಯಾವ ಬದಲಾವಣೆ ಯಾರ್ಯಾರಲ್ಲಿ ಸಮಾನವಾಗಿದೆ ಎಂದು ನೋಡುತ್ತಾರೆ. ಕೋಶಕೇಂದ್ರದ ಡಿಎನ್ಎಯನ್ನೂ ಕೇಳಬೇಕು. ಎರಡರ ಸಾಕ್ಷಿ ತಾಳೆಯಾಗದಿದ್ದರೆ, ಹಿಂದೆಂದೋ ಎರಡು ಪ್ರಭೇದಗಳು ಬೆರೆತಿರುವ ಸಾಧ್ಯತೆಯುಂಟು.

ವೆನಿಲಾ ಎಂಬ ಆರ್ಕಿಡ್‌ನ ಕತೆ ಇನ್ನೂ ಸ್ವಾರಸ್ಯ. ಅದರ ಹೂವಿನಲ್ಲಿ ಫಲವತ್ತಾದ ಕೇಸರ, ಅಂದರೆ ಪರಾಗ ಕೊಡುವ ಗಂಡು ಭಾಗ, ಒಂದೇ. ಬಹುಪಾಲು ಆರ್ಕಿಡ್‌ಗಳಲ್ಲೂ ಒಂದೇ. ಸ್ಲಿಪ್ಪರ್ ಆರ್ಕಿಡ್‌ಗಳಲ್ಲಿ ಎರಡು. ಹಾಗಾಗಿ ಒಂದು ಕೇಸರದವೆಲ್ಲ ಒಂದೇ ಮನೆಯವು ಎಂಬ ಲೆಕ್ಕ ಸಹಜವಾಗಿತ್ತು. ಆದರೆ ಡಿಎನ್ಎ ಪ್ರಕಾರ ಮೊದಲು ಬೇರೆಯಾದದ್ದು ಅಪೊಸ್ಟೇಸಿಯಾ ಬಳಗ, ಆಮೇಲೆ ವೆನಿಲಾ, ಅದಾದ ಮೇಲೆ ಸ್ಲಿಪ್ಪರ್‌ಗಳು. ಉಳಿದ ಒಂದು ಕೇಸರದವು ವೆನಿಲಾಕ್ಕಿಂತ ಸ್ಲಿಪ್ಪರ್‌ಗಳಿಗೇ ಹತ್ತಿರ. ಅಂದರೆ ಒಂದೇ ಕೇಸರಕ್ಕೆ ಇಳಿಯುವ ಘಟನೆ ಎರಡು ಸಲ ನಡೆದಿರಬೇಕು.

ಬೆಳೆಗಾರರಿಗೆ ಮಾತ್ರ ಇದೆಲ್ಲ ತಲೆನೋವು. ಹೂವಿನಲ್ಲಿ ಎಂಟು ಪರಾಗಮುದ್ದೆಗಳಿದ್ದರೆ ಲೇಲಿಯಾ ಕುಲ, ನಾಲ್ಕಿದ್ದರೆ ಕ್ಯಾಟ್ಲೆಯಾ ಕುಲ ಎಂಬ ಹಳೆಯ ಸೂತ್ರ ಮುರಿದುಬಿತ್ತು. ಬ್ರೆಜಿಲ್‌ನ ಲೇಲಿಯಾ ಪರ್ಪ್ಯುರೇಟಾವನ್ನು ಮೊದಲು ಸೊಫ್ರೊನೈಟಿಸ್ ಕುಲಕ್ಕೆ, ಆಮೇಲೆ ಕ್ಯಾಟ್ಲೆಯಾಕ್ಕೆ ಸಾಗಿಸಿದರು. ಕುಂಡದ ಚೀಟಿಯನ್ನು ಎರಡೆರಡು ಸಲ ಬರೆಯಬೇಕಾದವರ ಗೊಣಗಾಟ ನನಗಂತೂ ಅರ್ಥವಾಗುತ್ತದೆ.

ಯಾರು ಮೊದಲು, ಯಾರು ಆಮೇಲೆ ಎಂದು ಡಿಎನ್ಎ ಹೇಳುತ್ತದೆ. ಎಷ್ಟು ವರ್ಷದ ಹಿಂದೆ ಎನ್ನುವುದಕ್ಕೆ ಪಳೆಯುಳಿಕೆ ಬೇಕು. 2007ರಲ್ಲಿ ಅಂಥದ್ದೊಂದು ಪ್ರಕಟವಾಯಿತು. ಡೊಮಿನಿಕನ್ ಗಣರಾಜ್ಯದ ಅಂಬರ್‌ನೊಳಗೆ (ಕಲ್ಲಾದ ಮರದ ಅಂಟಿನೊಳಗೆ) ಒಂದೂವರೆ–ಎರಡು ಕೋಟಿ ವರ್ಷ ಹಳೆಯ ಚುಚ್ಚದ ಜೇನ್ನೊಣ, ಬೆನ್ನ ಮೇಲೆ ಆರ್ಕಿಡ್ ಪರಾಗದ ಮುದ್ದೆ. ಅದನ್ನು ಮೈಲಿಗಲ್ಲಾಗಿ ಇಟ್ಟು ಲೆಕ್ಕಹಾಕಿದಾಗ, ಇಂದಿನ ಆರ್ಕಿಡ್‌ಗಳ ಮೂಲ ಪೂರ್ವಜ ಸುಮಾರು 7.6ರಿಂದ 8.4 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲಕ್ಕೆ ಸೇರಿದ್ದೆಂದು ಬಂತು. ತಮಾಷೆಯೆಂದರೆ, ಆ ಮುದ್ದೆ ಯಾವ ಬಳಗದ್ದೆಂದು ನಿರ್ಧರಿಸಲು ಸಿಕ್ಕ ಸುಳಿವು ಅದರ ಆಕಾರವೇ.