ಕವಡೆ ಓರೆ ಬಿದ್ದರೆ ಜಗಳ ಆಗಲಿ ಬಿಡಿ

ಮಕ್ಕಳ ಕೌನ್ಸೆಲಿಂಗ್‌ಗೆ ಬರುವ ಅಪ್ಪ ಅಮ್ಮಂದಿರು ಈಚೆಗೆ ಜಾಸ್ತಿ ಕೇಳುವುದು ಇದನ್ನೇ: "ಮೇಡಂ, ಮೊಬೈಲ್ ಗೇಮ್ ಬಿಡಿಸೋಕೆ ಯಾವ ಬೋರ್ಡ್ ಗೇಮ್ ತರೋಣ?" ಯಾವುದನ್ನಾದರೂ ತನ್ನಿ, ಅದಕ್ಕಾಗಿ ಮಾತ್ರ ತರಬೇಡಿ ಅನ್ನುತ್ತೇನೆ. ಫೋನ್ ಕಿತ್ತುಕೊಂಡು ಅದೇ ಕೈಗೆ ಹಾವು ಏಣಿ ಕೊಟ್ಟರೆ ಮಗುವಿಗೆ ಅದು ಶಿಕ್ಷೆ, ಅಷ್ಟೇ. ಬಣ್ಣ, ಸದ್ದು, ವೇಗದಲ್ಲಿ ರಟ್ಟಿನ ಹಲಗೆ ವಿಡಿಯೊ ಗೇಮ್‌ಗೆ ಸಾಟಿಯಾಗಲ್ಲ. ಆಗಬೇಕಾಗೂ ಇಲ್ಲ.

ವಿಡಿಯೊ ಗೇಮ್‌ನಲ್ಲಿ ನಿಯಮ ಕಾಯುವುದು ಕಂಪ್ಯೂಟರ್. ಎಣಿಕೆ ತಪ್ಪಲ್ಲ, ಕಾಯಿ ಎರಡು ಮನೆ ಹೆಚ್ಚು ಓಡಲ್ಲ. ಸೋತರೆ ಬಟನ್ ಒತ್ತಿದ ಕೂಡಲೇ ಇನ್ನೊಂದು ಆಟ ಶುರು, ಮುಖ ಊದಿಸಿಕೊಂಡಿದ್ದನ್ನು ನೋಡೋಕೆ ಎದುರಿಗೆ ಯಾರೂ ಇರುವುದಿಲ್ಲ. ಎಷ್ಟೋ ಆನ್‌ಲೈನ್ ಆಟಗಳು ನಿಮ್ಮ ಮಟ್ಟದವರನ್ನೇ ಹುಡುಕಿ ಜೋಡಿ ಮಾಡುವುದರಿಂದ ಒಂದೇ ಸಮನೆ ಸೋಲುವ ಕಷ್ಟವೂ ಕಡಿಮೆ. ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರಕ್ಕೆ ಕೂತರೆ ಇದೆಲ್ಲ ಆಡುವವರ ತಲೆ ಮೇಲೇ ಬೀಳುತ್ತದೆ. ಕವಡೆ ಚಾಪೆಯ ಅಂಚಿಗೆ ತಾಗಿ ಓರೆಯಾಗಿ ನಿಂತಿತು, ಈಗ ಅದು ಎರಡಾ, ಮೂರಾ? ಒಂದು ಕಾಯಿಯನ್ನೂ ಹೊಡೆಯದೆ ಒಳಸುತ್ತಿಗೆ ಹೋಗಬಹುದಾ? ಮಂಡ್ಯದ ಅಜ್ಜಿ ಮನೆಯಲ್ಲಿ ಒಂದು ರೂಢಿ, ಹಾಸನದ ಅಜ್ಜಿ ಮನೆಯಲ್ಲಿ ಇನ್ನೊಂದು ಅಂತಾದರೆ, ರಜೆಗೆ ಸೇರಿದ ಮಕ್ಕಳು ಮೊದಲು ಕಿತ್ತಾಡಿ ಅದನ್ನು ತೀರ್ಮಾನ ಮಾಡಿಕೊಳ್ಳಬೇಕು. ನನ್ನ ಪ್ರಕಾರ ಆಟದ ಅರ್ಧ ಉಪಯೋಗ ಆ ಕಿತ್ತಾಟದಲ್ಲೇ ಇದೆ. ದೊಡ್ಡವರು ಮಧ್ಯೆ ಬಂದು ತೀರ್ಪು ಕೊಟ್ಟರೆ ಅದೂ ಹೋಯಿತು.

ಲೂಡೊ ಕಿಂಗ್ ಅನ್ನುವ ಮೊಬೈಲ್ ಆಟ ನೋಡಿ. 2016ರಲ್ಲೇ ಬಂದಿತ್ತು, 2020ರ ಲಾಕ್‌ಡೌನ್‌ನಲ್ಲಿ ಮನೆಮನೆಗೂ ಹೊಕ್ಕಿತು. ಬೇರೆ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದ ಅಣ್ಣ ತಮ್ಮಂದಿರು ಸಂಜೆ ಒಟ್ಟಿಗೆ ಆಡಿದರು, ಒಳ್ಳೆಯದೇ ಆಯಿತು. ಆದರೆ ದಾಳ ಉರುಳಿಸಿದ್ದು, ಎಣಿಸಿದ್ದು, ಕಾಯಿ ಕಡಿದಿದ್ದು ಎಲ್ಲ ಫೋನೇ. ಹಲಗೆ ಅದೇ, ವಾದ ಮಾಡೋಕೆ ಮಾತ್ರ ಏನೂ ಉಳಿಯಲಿಲ್ಲ.

ಸೋಲಿನ ಸಿಟ್ಟು ಮೊಬೈಲ್ ಕಲಿಸಿದ್ದು ಅನ್ನುವವರಿಗೆ ನಾನು ತುಳುನಾಡಿನ ಸಿರಿ ಪಾಡ್ದನ ಅನ್ನುವ ಜನಪದ ಹಾಡುಗತೆ ನೆನಪಿಸುತ್ತೇನೆ. ಅದರಲ್ಲಿ ಅಬ್ಬಗ ದಾರಗ ಅನ್ನುವ ಅವಳಿ ಅಕ್ಕತಂಗಿಯರು ಚೆನ್ನೆಮಣೆ (ಗುಳಿಗಳಿರುವ ಮರದ ಮಣೆಯ ಆಟ) ಆಡುತ್ತಾ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಮಣೆಯಿಂದಲೇ ಹೊಡೆದು ಇನ್ನೊಬ್ಬಳನ್ನು ಸಾಯಿಸುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಒಟ್ಟಿಗೆ ಚೆನ್ನೆ ಆಡಬಾರದು ಅನ್ನುವ ನಂಬಿಕೆ ಅಲ್ಲಿ ಈಗಲೂ ಇದೆ. ಹುಣಸೆ ಬೀಜ ಹಾಕಿ ಆಡುವ ಆಟದಲ್ಲೂ ತಲೆ ಕೆಡುತ್ತದೆ ಅಂತ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮಗ ಸೋತು ಕಾಯಿ ಎಸೆದರೆ ಗಾಬರಿ ಬೇಡ. ಹೆಕ್ಕಿ ತರಲಿ, ನಾಳೆ ಮತ್ತೆ ಆಡಲಿ. ಬೇಕಂತಲೇ ಸೋತು ಅವನನ್ನು ಗೆಲ್ಲಿಸಬೇಡಿ, ಮಕ್ಕಳಿಗೆ ಅದು ಗೊತ್ತಾಗುತ್ತದೆ.

ಆಟದ ಆಯ್ಕೆ ಬಗ್ಗೆ ಒಂದು ಮಾತು. ಬುದ್ಧಿ ಚುರುಕಾಗಲಿ ಅಂತ ಎಲ್ಲರೂ ಮೊದಲು ಚೆಸ್ ತರುತ್ತಾರೆ. ಚೆಸ್‌ನಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ, ಏಳು ವರ್ಷದ ಮಗು ಅಪ್ಪನ ಎದುರು ಸೋಲುತ್ತಲೇ ಇರುತ್ತದೆ. ಅಪ್ಪ ರಾಣಿ ಇಲ್ಲದೆ ಆಡಿದರೆ ಸ್ವಲ್ಪ ಸರಿಹೋಗುತ್ತದೆ. ಬಿಸಿನೆಸ್ ಆಟದಲ್ಲಿ ಒಬ್ಬ ಬೇಗ ದಿವಾಳಿಯಾಗಿ ಗಂಟೆಗಟ್ಟಲೆ ಸುಮ್ನೆ ಕೂರುತ್ತಾನೆ, ಅವನ ಕೈಗೆ ಮತ್ತೆ ಮೊಬೈಲ್ ಬರುವುದು ಆಗಲೇ ಅಲ್ವಾ? ಚೌಕಾಬಾರದಲ್ಲಿ ಈ ತೊಂದರೆ ಕಡಿಮೆ, ಖರ್ಚು ಒಂದು ಸೀಮೆಸುಣ್ಣ. ನಾಲ್ಕು ಕವಡೆ ಹಾಕಿದರೆ ಒಟ್ಟು 16 ಬಗೆಯಲ್ಲಿ ಬೀಳಬಹುದು, ಅದರಲ್ಲಿ 6 ಬಗೆ ಎರಡಕ್ಕೆ, ನಾಲ್ಕಕ್ಕೂ, ಎಲ್ಲ ಬೋರಲು ಬಿದ್ದರೆ ಸಿಗುವ ಎಂಟಕ್ಕೂ ಒಂದೊಂದೇ. ನಿಜದ ಕವಡೆ ಇಷ್ಟು ಸಮನಾಗಿ ಬೀಳಲ್ಲ ಅನ್ನಿ, ಆದರೂ ಎರಡು ಜಾಸ್ತಿ ಬೀಳುವುದನ್ನು ಮಕ್ಕಳೇ ಕಂಡುಕೊಂಡು, ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನಿಲ್ಲೋಕೆ ಹೆದರುತ್ತಾರೆ. ಹೀಗೆ ಅದೃಷ್ಟ ಮತ್ತು ಯೋಚನೆ ಬೆರೆತಿರುವುದರಿಂದಲೇ ಮೊಮ್ಮಗ ಅಜ್ಜಿಯನ್ನು ನಿಜವಾಗಿಯೂ ಸೋಲಿಸಬಹುದು.

ಅಣ್ಣ ತಂಗಿ ಇದ್ದರೆ ಆಡು ಹುಲಿ ಆಟ ಕೊಡಿ. ಮೂರು ಹುಲಿ, ಹದಿನೈದು ಆಡು. ಮುಂದಿನ ಸಲ ಪಕ್ಷ ಅದಲು ಬದಲು ಮಾಡಿಸಿ. ಈಗ ತಾನೇ ಆಡುಗಳನ್ನು ತಿಂದು ಬೀಗುತ್ತಿದ್ದವನು ಅದೇ ಹುಲಿಗಳಿಗೆ ದಾರಿ ಕಟ್ಟೋಕೆ ಒದ್ದಾಡುವುದು ನೋಡೋಕೆ ಮಜಾ ಇರುತ್ತದೆ. ಸೋಲನ್ನು ಸ್ವಲ್ಪವೂ ತಡೆಯಲಾಗದ ಮಗುವಾದರೆ 2008ರಲ್ಲಿ ಬಂದ ಪ್ಯಾಂಡೆಮಿಕ್ ಥರದ ಆಟ ನೋಡಬಹುದು, ಅದರಲ್ಲಿ ಎಲ್ಲರೂ ಒಂದೇ ತಂಡ. ಬೆಲೆ ಮಾತ್ರ ಜಾಸ್ತಿ.

ಇನ್ನು ಅಪ್ಪಂದಿರಿಗೆ. ನಿಮ್ಮ ಸರದಿ ಬಂದಾಗ "ಒಂದ್ನಿಮಿಷ, ಆಫೀಸ್ ಮೆಸೇಜ್" ಅಂದರೆ ಆಟ ಅಲ್ಲಿಗೆ ಮುಗೀತು.

ಗೇಮಿಂಗ್ ನಿಜವಾಗಿ ಕೈಮೀರಿದ ಮಕ್ಕಳ ವಿಷಯ ಬೇರೆ. ಆಟ ನಿಲ್ಲಿಸೋಕೆ ಆಗದೇ ಇರುವುದು, ಬೇರೆಲ್ಲಕ್ಕಿಂತ ಅದೇ ಮುಖ್ಯ ಆಗುವುದು, ಓದು ನಿದ್ದೆ ಕೆಟ್ಟರೂ ಮುಂದುವರಿಸುವುದು: ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ನಡೆದಿದ್ದರೆ ಗೇಮಿಂಗ್ ಡಿಸಾರ್ಡರ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಅದು ಸೇರಿರುವ ಕಾಯಿಲೆಗಳ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಸಹಾಯ ಕೇಳೋಕೆ ನೀವು ವರ್ಷ ತುಂಬುವವರೆಗೆ ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ದೂರದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.