ಮನಸ್ಸಿಲ್ಲದೆ ಮಾಡಿದ ಒಳ್ಳೆಯದು ನಾಟಕವಾ?

ಪ್ರಶ್ನೆ: ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೇನೆ. ಕಂಡವರೆಲ್ಲ ‘ಎಷ್ಟು ಒಳ್ಳೆಯ ಮನಸ್ಸು ನಿಂದು’ ಅನ್ನುತ್ತಾರೆ. ಆದರೆ ಒಳಗೊಳಗೇ ಸಿಟ್ಟು, ಬೇಸರ. ನಾನು ನಿಜವಾಗಿ ಒಳ್ಳೆಯವಳಾ, ಇಲ್ಲಾ ಸುಮ್ನೆ ನಟಿಸುತ್ತಿದ್ದೇನಾ?

ಉತ್ತರ: ನಟನೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ತುಂಬಾ ದಣಿದವರೇ ಆಗಿರುತ್ತಾರೆ, ಅವರನ್ನು ಕಾಯಿಸಬಾರದು.

ನಿಮ್ಮಂಥವರ ಬಗ್ಗೆಯೇ ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದಿದ್ದಾನೆ. ಒಬ್ಬನಿಗೆ ಬೇರೆಯವರಿಗೆ ನೆರವಾಗುವುದೇ ಖುಷಿ. ಇನ್ನೊಬ್ಬ ತನ್ನದೇ ದುಃಖದಲ್ಲಿ ಮುಳುಗಿ, ಯಾರ ಮೇಲೂ ಕರುಣೆ ಹುಟ್ಟದಷ್ಟು ಕಲ್ಲಾಗಿದ್ದಾನೆ, ಆದರೂ ಇದು ನನ್ನ ಕರ್ತವ್ಯ ಅಂತ ಎದ್ದು ಹೋಗಿ ಸಹಾಯ ಮಾಡುತ್ತಾನೆ. ಕಾಂಟ್ ಪ್ರಕಾರ ನೈತಿಕ ಬೆಲೆ ಇರುವುದು ಈ ಎರಡನೆಯವನ ಕೆಲಸಕ್ಕೆ.

ಪ್ರಾಚೀನ ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ (ಕ್ರಿ.ಪೂ. 384–322) ಇದನ್ನು ಒಪ್ಪುತ್ತಿರಲಿಲ್ಲ. ಒಳಗಿನ ಎಳೆದಾಟ ಗೆದ್ದು ಸರಿಯಾದದ್ದು ಮಾಡುವವನನ್ನು ಅವನೂ ಮೆಚ್ಚುತ್ತಾನೆ. ಆದರೆ ಅದು ಇನ್ನೂ ಪೂರ್ತಿ ಸದ್ಗುಣ ಅಲ್ಲ, ಒಳ್ಳೆಯದು ಮಾಡುವುದರಲ್ಲಿ ಸಂತೋಷ ಸಿಗುವಷ್ಟು ಮನಸ್ಸು ಪಳಗಿದಾಗಲೇ ಅದು ಸದ್ಗುಣ ಅನ್ನುತ್ತಾನೆ.

ನನಗೆ ಅರಿಸ್ಟಾಟಲ್ ಜಾಸ್ತಿ ಹಿಡಿಸುತ್ತಾನೆ. ಯಾಕೆಂದರೆ ಆ ಮನಸ್ಸು ಬರುವ ದಾರಿಯನ್ನೂ ಅವನು ಹೇಳುತ್ತಾನೆ. ಮನೆ ಕಟ್ಟಿ ಕಟ್ಟಿಯೇ ಮನೆ ಕಟ್ಟುವುದು ಬರುತ್ತದೆ, ವಾದ್ಯ ನುಡಿಸಿ ನುಡಿಸಿಯೇ ನುಡಿಸುವುದು ಬರುತ್ತದೆ, ನ್ಯಾಯವಾಗಿ ನಡೆದು ನಡೆದೇ ಮನುಷ್ಯ ನ್ಯಾಯವಂತನಾಗುತ್ತಾನೆ. ಅಂದರೆ ಮೊದಲು ಕೈ ಮಾಡುತ್ತದೆ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಹೊಸದಾಗಿ ವಾದ್ಯ ಕಲಿಯುವವನು ತಪ್ಪು ತಪ್ಪಾಗಿ ನುಡಿಸಿದರೆ ಅವನನ್ನು ನಟ ಅನ್ನುತ್ತೇವಾ? ಇಲ್ಲ ಅಲ್ವಾ.

ನಟನೆ ಅನ್ನುವುದು ಬೇರೆಯೇ. ಕಾಂಟ್ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಅವನು ಏನೂ ತಿಳಿಯದ ಮಗುವಿನ ಹತ್ತಿರವೂ ಜಾಸ್ತಿ ದುಡ್ಡು ಕೇಳುವುದಿಲ್ಲ, ಆದರೆ ಅದು ವ್ಯಾಪಾರಕ್ಕೆ ಒಳ್ಳೆಯದು ಅಂತ ಅಷ್ಟೇ. ಲಾಭ ನಿಂತ ದಿನ ಅವನ ಪ್ರಾಮಾಣಿಕತೆಯೂ ನಿಲ್ಲಬಹುದು. ನೀವು ರಾತ್ರಿ ಎರಡು ಗಂಟೆಗೆ, ಹೊಗಳುವವರು ಯಾರೂ ಇಲ್ಲದಾಗ, ಗೊಣಗುತ್ತಲೇ ಎದ್ದು ನೀರು ಕೊಡುತ್ತೀರಿ. ಅದರಲ್ಲಿ ಯಾವ ಲಾಭ ಇದೆ?

ಇನ್ನು ಆ ಸಿಟ್ಟಿನ ವಿಷಯ. ಅದು ನಿಮ್ಮ ಸ್ವಭಾವದ ಕೊಳಕು ಅಂತ ತೀರ್ಮಾನ ಮಾಡುವ ಮೊದಲು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕೇಳಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾದ್ರಿಯಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ, ನರಳುತ್ತಾ ಕುಸಿದು ಕೂತಿದ್ದ. ಸಾಕಷ್ಟು ಸಮಯ ಇದ್ದವರಲ್ಲಿ ಶೇ. 63 ಜನ ನೆರವಿಗೆ ನಿಂತರು. ‘ತಡವಾಯಿತು, ಬೇಗ ಹೋಗಿ’ ಅಂತ ಹೇಳಿಸಿಕೊಂಡವರಲ್ಲಿ ನಿಂತವರು ಬರೀ ಶೇ. 10. ಕೆಲವರು ಮಾತನಾಡಲು ಹೊರಟಿದ್ದೇ ದಾರಿಯಲ್ಲಿ ಬಿದ್ದವನನ್ನು ಕಾಪಾಡಿದ ಬೈಬಲ್ ಕತೆಯ ಬಗ್ಗೆ, ಆದರೂ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅವಸರದಲ್ಲಿ ದಾಟಿ ಹೋದವರೆಲ್ಲ ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಪುರುಸೊತ್ತಿಲ್ಲದ ಮನಸ್ಸಿಗೆ ಎದುರಿಗಿರುವ ನೋವೂ ಸರಿಯಾಗಿ ಕಾಣಿಸುವುದಿಲ್ಲ.

ನಾನೂ ಹಿಂದೊಮ್ಮೆ ತಿಂಗಳುಗಟ್ಟಲೆ ಹೀಗೆ ರೋಗಿಯ ಪಕ್ಕ ಮಲಗಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆ ಆಗುವಷ್ಟು ಸಿಟ್ಟು ಬರುತ್ತಿತ್ತು. ಅದು ಇಳಿದದ್ದು ಯಾವ ಒಳ್ಳೆಯ ವಿಚಾರದಿಂದಲೂ ಅಲ್ಲ, ತಂಗಿ ಬಂದು ವಾರಕ್ಕೆ ಎರಡು ರಾತ್ರಿ ನೋಡಿಕೊಂಡಾಗ. ನಿದ್ದೆಯಾದ ಬೆಳಿಗ್ಗೆ ಅದೇ ಕೆಲಸ, ಅದೇ ಹಾಸಿಗೆ, ಆದರೆ ಅವರ ಜೊತೆ ಕೂತು ಮಾತಾಡಬೇಕು ಅನ್ನಿಸುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇರಬಹುದು, ಇವತ್ತೇ ಬಾಯಿಬಿಟ್ಟು ಕೇಳಿ.